ಬೂದು ಬಣ್ಣದ ಡಬ್ಬಿ

ಶನಿವಾರ ಬೆಳಗಿನ ಆರಕ್ಕೆ ನನ್ನ ಔಷಧದಂಗಡಿಯ ಮುಂದೆ
ಬೊಗೊಮಿರನ ವ್ಯಾನು. ಒಳಗೆ ಗರಗಸ ಎರಡು, ಗುದ್ದಲಿ,
ತಂತಿ ಬ್ರಷ್ಷು, ಬಿಳಿಯದೊಂದು ಕೆಂಪಿನದೊಂದು ಡಬ್ಬಿ,
ನಿದ್ದೆಗಣ್ಣಿನ ನಾವು ಮೂವರು.
ಯಾರೂ ಮಾತಾಡುವುದಿಲ್ಲ. ಕಾಫಿಯ ಥರ್ಮಾಸು ಮಾತ್ರ
ತಿರುವು ತಿರುವಿಗೂ ಗೊಣಗುತ್ತದೆ.
ಕೆಳಗೆ ಸೋಚಾ ನದಿ ಇನ್ನೂ ಮಂಜಿನೊಳಗೇ ಇದೆ.

ಆರುನೂರು ಕಿಲೋಮೀಟರಿನ ಹಾದಿಯಂತೆ ಇದು.
ನಮ್ಮ ಪಾಲಿಗೆ ಬಂದದ್ದು ಏಳು:
ಕಟ್ಟಕಡೆಯ ದನದ ಕೊಟ್ಟಿಗೆಯಿಂದ
ಕಣಿವೆಯ ನೆತ್ತಿಯ ತಂಗುಮನೆಯ ತನಕ.
ಉಳಿದದ್ದನ್ನು ನಾನು ನೋಡಿಯೇ ಇಲ್ಲ.
ಹಗ್ಗ ಎಷ್ಟುದ್ದ ಇದ್ದರೇನು,
ಹಿಡಿದವರಿಗೆ ಹಿಡಿಯಷ್ಟೇ.

ಹಾದಿಯನ್ನು ಸವೆಸುವುದು ಕಾಲಲ್ಲ, ನೀರು
ಎಂದು ಕಲಿಸಿದವನು ವೆನ್ಸೆಲ್.
'ಅಡ್ಡ ನಿಲ್ಲಬೇಡ. ಪಕ್ಕಕ್ಕೆ ಕರೆ,
ಕುಡಿದ ನೆಂಟನನ್ನು ಮದುವೆಮನೆಯಿಂದ
ಹೆಗಲ ಮೇಲೆ ಕೈ ಹಾಕಿ ಆಚೆ ಕರೆದೊಯ್ದ ಹಾಗೆ.'
ಅದಕ್ಕೇ ಲಾರ್ಚ್ ಮರದ ದಿಮ್ಮಿಗಳನ್ನು ಓರೆಯಾಗಿ ಹೂಳುತ್ತೇವೆ.
ದಾಟುವವರು ದಾಟಿಹೋಗುತ್ತಾರೆ, ಕೆಳಗೆ ನೋಡುವುದಿಲ್ಲ.
ನೋಡಿದರೆ ಎಡವಿದರು ಅಂತಲೇ ಅರ್ಥ,
ನಮ್ಮ ಕೆಲಸ ಕೆಟ್ಟಿತು ಅಂತ.

ಜ್ದೆಂಕಾ ಕುಳ್ಳ ಪೈನುಗಳ ಕೊಂಬೆ ಕೊಯ್ಯುತ್ತಾಳೆ.
ಅವೋ, ಪಕ್ಕದ ಖಾಲಿ ಜಾಗ ಕಂಡ ನೆರೆಯವರ ಹಾಗೆ
ವರ್ಷಕ್ಕೊಂದು ಗೇಣು ಒತ್ತರಿಸಿಕೊಂಡು ಬರುತ್ತವೆ.

ನನ್ನದು ಗುರುತು ಬರೆಯುವ ಕೆಲಸ.
ಬಿಳಿಯ ಚುಕ್ಕಿ, ಸುತ್ತ ಕೆಂಪು ಬಳೆ.
ಮೂವತ್ತೆಂಟು ವರ್ಷ ವೆನ್ಸೆಲ್ ಬರೆದದ್ದರ ಮೇಲೆ
ಈಗ ನನ್ನ ಕುಂಚ.
ಅವನ ಮೊದಲಿನವು ನನ್ನ ನೆತ್ತಿಗಿಂತ ಎತ್ತರ,
ತುದಿಗಾಲಲ್ಲಿ ನಿಂತು ಮುಟ್ಟಬೇಕು.
ಮಂಡಿ ಕೊಯ್ಯಿಸಿಕೊಂಡ ಮೇಲಿನವು ಎದೆಯ ಮಟ್ಟಕ್ಕೆ.
ಹೋದ ಬೇಸಿಗೆಯವು ಕಲ್ಲಿನ ಬುಡದಲ್ಲಿ,
ಕೂತು ಬರೆದವು.
ಹಿಮ ಮೊದಲು ನುಂಗುವುದು ಅವನ್ನೇ.

ಎರಡನೆಯ ಕೊರಕಲು ದಾಟಿದರೆ ಒಂದು ಸುಣ್ಣಕಲ್ಲು.
ಹಾದಿ ಬಲಕ್ಕೆ ಹೊರಳುತ್ತದೆ.
ಗುರುತು ಎಡಕ್ಕೆ, ಬಾಣದ ಸಮೇತ.
ಕಳೆದ ಅಕ್ಟೋಬರಿನಲ್ಲಿ ಬ್ರ್ನೋ ಊರಿನ ಗಂಡಹೆಂಡಿರು ಅದನ್ನು ನಂಬಿ
ಕಾಲು ಚಾಚಲೂ ಆಗದ ಬಂಡೆಯಂಚಿನಲ್ಲಿ
ಒಬ್ಬರ ಬೆಲ್ಟಿಗೊಬ್ಬರು ಕಟ್ಟಿಕೊಂಡು ಬೆಳಗು ಮಾಡಿದರು.
ಸಂಘದಿಂದ ಕಾಗದ ಬಂತು: ಅಳಿಸಿ.
ಜೊತೆಗೆ ಒಂದು ಬೂದು ಬಣ್ಣದ ಡಬ್ಬಿ.

ವೆನ್ಸೆಲ್ ರಕ್ತದೊತ್ತಡದ ಮಾತ್ರೆಗೆ ಬಂದಾಗ
ಚಿಲ್ಲರೆ ಎಣಿಸುವ ಅವನ ಬೆರಳು ನೋಡುತ್ತ ಕೇಳಿದೆ.
'ಅಲ್ಲಿ ಮೊದಲು ದಾರಿ ಇತ್ತು' ಅಂದ.
'ಭೂಮಿ ನಡುಗಿದ ವರ್ಷ ಜಾರಿ ಹೋಯಿತು,
ನಾವೇ ಕಡಿದದ್ದು, ಮೂರು ಬೇಸಿಗೆ.'
ಒಂದು ನಾಣ್ಯ ಉರುಳಿ ಬಿತ್ತು. ಹೆಕ್ಕಲು ಬಾಗಲಿಲ್ಲ.
'ಒಂದು ಗುರುತಾದರೂ ಇರಲಿ ಅಂತ.'

ಆ ಇಬ್ಬರ ವಿಷಯ ಅವನಿಗೆ ಗೊತ್ತಿತ್ತು.
ನಾನು ಹೇಳಲಿಲ್ಲ, ಅವನೂ ಎತ್ತಲಿಲ್ಲ.

ತಂತಿ ಬ್ರಷ್ಷಿಗೆ ಹೋದ ಬೇಸಿಗೆಯ ಹೊಳಪು ಮೊದಲು ಉದುರಿತು,
ಆಮೇಲೆ ಅದರ ಕೆಳಗಿನ ಕೆಂಪು, ಅದರ ಕೆಳಗಿನ
ಇಟ್ಟಿಗೆಯಂಥ ಕೆಂಪು.
ಒಂಬತ್ತು ಪದರ ಎಣಿಸಿದೆ, ಮುಂದೆ ಕಲ್ಲೋ ಬಣ್ಣವೋ ತಿಳಿಯಲಿಲ್ಲ.
ಎಡಕ್ಕೆ ಇಣುಕಿದೆ. ಹನ್ನೆರಡು ಹೆಜ್ಜೆಯಷ್ಟು ಜಾಗ,
ಚೊಕ್ಕವಾಗಿ ಜೋಡಿಸಿದ ಮೂರು ಮೆಟ್ಟಿಲು,
ಆಮೇಲೆ ಗಾಳಿ.

ಬೂದು ಬಳಿದೆ. ಡಬ್ಬಿಯ ಬೂದಿಗೂ ಕಲ್ಲಿನ ಬೂದಿಗೂ
ಹೊಂದಿಕೆಯೇ ಆಗಲಿಲ್ಲ.
ಕೆಳಗಿನಿಂದ ಜ್ದೆಂಕಾ ಕೂಗಿದಳು, ಊಟಕ್ಕೆ.

ಸೋಮವಾರ ಅಂಗಡಿಯ ಗಂಟೆ ಬಾರಿಸಿಕೊಂಡು ಬಂದ.
ಮಾತ್ರೆ ಇನ್ನೂ ಮುಗಿದಿರಲಿಲ್ಲ.
'ಎಷ್ಟು ಕೋಟು?'
'ಎರಡು.'
ಟೋಪಿ ತೆಗೆದ, ಮತ್ತೆ ಹಾಕಿಕೊಂಡ.
'ಮೂರು ಬೇಕು' ಅಂದ.
'ಕೆಂಪು ಎದ್ದು ಬರುತ್ತೆ.'