ವಸ್ತುವಿನ ವಿವರ

ಗ್ರಿಮ್ಸ್‌ಬಿಯ ಗ್ರಂಥಾಲಯದಲ್ಲಿ, ರೇಡಿಯೇಟರಿನ ಪಕ್ಕ,
ಮಂಗಳವಾರ ಮಂಗಳವಾರ ಕೂರುತ್ತೇನೆ,
ಅರ್ಜಿ ತುಂಬಲು ಬಾರದವರ ಕೈಯಾಗಿ.
ಬಾಡಿಗೆ, ಬಾಕಿ, ಕೆಟ್ಟ ಫ್ರಿಜ್ಜು, ಬಾರದ ಸೋಫಾ.
ಹೆಡ್ಲಿ ಸ್ಟೇದರ್ ತಂದದ್ದು ಒಂದು ಕೊರಳಪಟ್ಟಿ,
ನನ್ನ ಕೈಗಡಿಯಾರದ ಪಟ್ಟಿಗಿಂತ ಸಣ್ಣದು.

ನಲವತ್ತು ವರ್ಷ ಗೋಡೆಗೆ ಟೈಲ್ಸು ಕೂರಿಸಿದ ಮನುಷ್ಯ.
ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಸಿಮೆಂಟು.
ಹೇಳಿದ್ದೆಲ್ಲ ಗೋಡೆ ನೋಡಿಕೊಂಡೇ.

ಹೆದ್ದಾರಿ ಬದಿಯ ಪೆಟ್ರೋಲ್ ಬಂಕು, ರಾತ್ರಿ ಎಂಟು,
ಬೆಳ್ಳಿ ಬಣ್ಣದ ಕಾರು. ಹೆಂಗಸು ಇಂಜಿನ್ ಆರಿಸಲೇ ಇಲ್ಲ.
"ತಾಯಿ ನಮ್ಮಕ್ಕನ ಮನೇಲಿದೆ, ಬಾಣಂತಿ,
ಹೊಸಬರನ್ನು ಕಂಡರೆ ಗಾಬರಿ.
ನಿಮಗ್ಯಾಕೆ ಅಷ್ಟು ದೂರದ ತೊಂದರೆ ಅಂತ
ಅರ್ಧ ದಾರಿಗೆ ನಾವೇ ತಂದೆವು."
ಒಂಬೈನೂರು ಪೌಂಡು, ನಗದು.
ನೂಲಿನಂತೆ ಸೀರೆ ಅನ್ನುತ್ತಾರೆ; ಇಲ್ಲಿ ನೂಲನ್ನೇ ತೋರಿಸಲಿಲ್ಲ,
ರಟ್ಟಿನ ಡಬ್ಬಿಯಲ್ಲಿ ಒಂದು ಬಿಸಿ ಉಸಿರು ಕೊಟ್ಟು ಹೋದರು.
ಯಾಕೋ ಏನೋ, ಕಾರಿನ ನಂಬರನ್ನು ಅಂಗೈ ಮೇಲೆ ಬರೆದುಕೊಂಡನಂತೆ.

ಹೊಗೆಮೀನಿನ ಬಣ್ಣ. ಅದಕ್ಕೇ ಕಿಪ್ಪರ್.
ಮೂರನೆಯ ದಿನ ಬಟ್ಟಲು ಮುಟ್ಟಲಿಲ್ಲ.
ಆಮೇಲೆ ರಕ್ತಭೇದಿ, ಸಲೈನು, ಗಾಜಿನ ಬಾಗಿಲು.
ಆರನೆಯ ದಿನ ಡಾಕ್ಟರ ಫೋನು ಬಂದಾಗ
ಯಾರದೋ ಬಚ್ಚಲಲ್ಲಿ ಮೊಣಕಾಲೂರಿದ್ದ.
ಕಲಸಿದ ಗಾರೆ ಒಣಗಿಬಿಡುತ್ತಲ್ಲ,
ಆ ಸಾಲು ಮುಗಿಸಿಯೇ ಎದ್ದೆ ಅಂದ,
ಕ್ಷಮೆ ಕೇಳುವವನ ಹಾಗೆ.

ನಾನು ಕಾನೂನು ಹೇಳಿದೆ.
ಕಾನೂನಿನಲ್ಲಿ ನಾಯಿಮರಿ ಒಂದು ವಸ್ತು,
ಕೆಟಲಿನ ಹಾಗೆ, ಮೇಜಿನ ಹಾಗೆ.
ದೋಷವಿದ್ದರೆ ಮೂವತ್ತು ದಿನದೊಳಗೆ ಬೇಡವೆನ್ನಬಹುದು,
ಆಮೇಲಾದರೆ ದುರಸ್ತಿ, ಇಲ್ಲವೇ ಬದಲಿ.
"ಬದಲಿ," ಅಂದ ಹೆಡ್ಲಿ.
ಮತ್ತೇನೂ ಅನ್ನಲಿಲ್ಲ.

ಅವಳ ಉತ್ತರ ಎರಡೇ ಸಾಲು:
ನಾನು ವ್ಯಾಪಾರಿಯಲ್ಲ. ಮನೆನಾಯಿಯ ಒಂದೇ ಸೂಲು.
ಮನೆಯವಳೆಂದರೆ ಕಾನೂನು ಮೆತ್ತಗೆ, ವ್ಯಾಪಾರಿಯೆಂದರೆ ಬಿಗಿ.
ಕಣ್ಣಿಗೆ ಮಣ್ಣೆರಚುವವರಿಗೆ
ಯಾವ ಮಣ್ಣು ಉರಿಯುತ್ತದೆಂಬುದೂ ಗೊತ್ತಿರುತ್ತದೆ.

ಆದರೆ ಗೋಡೆ ಗೊತ್ತಿರಲಿಲ್ಲ.
ಹೆಡ್ಲಿ ಮೂರು ರಾತ್ರಿ ಕೂತು ಜಾಹೀರಾತು ನೋಡಿದ,
ಮರಿಗಳನ್ನಲ್ಲ, ಮರಿಗಳ ಹಿಂದಿದ್ದುದನ್ನು.
ಕಾರ್ಲಾ ಮಾರಿದ ಪಗ್, ಬ್ರಯೋನಿ ಮಾರಿದ ಲ್ಯಾಬ್ರಡಾರ್,
ಗಂಡ ತೀರಿಕೊಂಡನೆಂದು ಅಳುತ್ತ ಬರೆದ ಒಬ್ಬಳ ಬೀಗಲ್,
ಎಲ್ಲರ ಅಡುಗೆಮನೆಗೂ ಅದೇ ನೀಲಿ ಟೈಲ್ಸು,
ಸ್ವಿಚ್ಚಿನ ಎಡಕ್ಕೆ ಅದೇ ಬಿರುಕು,
ಸಂದಿಗೆ ಓರೆಯಾಗಿ ಮೆತ್ತಿದ ಅದೇ ಸೋಮಾರಿ ಗಾರೆ.
ಹನ್ನೊಂದು ಸೂಲು, ಒಂಬತ್ತು ತಿಂಗಳು, ಒಂದು ಗೋಡೆ.
"ಈ ಕೆಲಸ ಮಾಡಿದವನನ್ನು
ನಾನಾಗಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದೆ."
ಅವನು ನಕ್ಕದ್ದು ಆಗೊಂದೇ ಸಲ.

ಅರ್ಜಿಯಲ್ಲೊಂದು ಖಾನೆ: ವಸ್ತುವಿನ ವಿವರ.
ಕಾಕರ್ ಸ್ಪ್ಯಾನಿಯಲ್. ಹೆಣ್ಣು. ಎಂಟು ವಾರ ಅಂದಿದ್ದರು,
ಐದೂ ಆಗಿರಲಿಲ್ಲ ಅಂದರು ಡಾಕ್ಟರು.
"ಹೆಸರು?" ಅಂದ ಹೆಡ್ಲಿ.
ಹೆಸರಿಗೆ ಖಾನೆಯಿಲ್ಲ ಅಂದೆ.
ಕೊರಳಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡು ಸುಮ್ಮನೆ ಕೂತ.
ಅಂಚಿನಲ್ಲಿ ಬರೆದೆ, ಸಣ್ಣಗೆ.

ಚಳಿಗಾಲ ಕಳೆದ ಮೇಲೆ ತೀರ್ಪು ಬಂತು. ಗೆದ್ದ.
ದುಡ್ಡು ಬಂದದ್ದು ಎರಡು ಸಲ, ನಲವತ್ತು, ನಲವತ್ತು.
ಮೂರನೆಯ ಸಲ ಬಾಗಿಲು ತಟ್ಟಿದವರಿಗೆ ಖಾಲಿ ಮನೆ.
ನೀಲಿ ಟೈಲ್ಸು ಮಾತ್ರ ಹಾಗೇ ಇತ್ತಂತೆ.

ಈಗ ಮಂಗಳವಾರ ಅವನೂ ಬರುತ್ತಾನೆ,
ರೇಡಿಯೇಟರಿಗೆ ಬೆನ್ನು ಕೊಟ್ಟು ಕೂರುತ್ತಾನೆ.
ಯಾರಾದರೂ ಫೋನು ಚಾಚಿ
"ಶನಿವಾರ ತರೋಣಾಂತ, ನೋಡಿ" ಅಂದರೆ
ಎಷ್ಟು ಮುದ್ದು ಅನ್ನುವುದಿಲ್ಲ.
ತಾಯಿಯನ್ನು ಕಂಡಿರಾ ಅನ್ನುತ್ತಾನೆ, ಫೋಟೋದಲ್ಲಲ್ಲ,
ಅದು ಮಲಗುವ ಜಾಗದಲ್ಲಿ, ಮೊಲೆ ಜೋತಿರುವಾಗ.
ಆಮೇಲೆ ಎರಡು ಬೆರಳಿಟ್ಟು ಚಿತ್ರ ಹಿಗ್ಗಿಸುತ್ತಾನೆ,
ಮೊದಲು ಮರಿಯ ಕಿವಿ ಅಂಚಿಗೆ ಸರಿಯುತ್ತದೆ,
ಆಮೇಲೆ ಕಣ್ಣು, ಮೂತಿ,
ಗೋಡೆಯೊಂದೇ ಉಳಿಯುವ ತನಕ.