ಉಗುರುಬೆಚ್ಚಗೆ

ಗುದೈಬಿಯಾದ ಅಡ್ಡಬೀದಿ, ಕಿರಾಣಿ ಅಂಗಡಿಯ ಮೇಲ್ಮಹಡಿ.
ಆರು ವರ್ಷ ಕೂತಿದ್ದೇನೆ ಈ ಸ್ಟೂಲಿನ ಮೇಲೆ
ಬೇರೆಯವರ ಬೆರಳು ಹಿಡಿದು.
ಇಷ್ಟೊಂದು ಕೈ ಹಿಡಿದವಳು
ನಮ್ಮ ವಂಶದಲ್ಲಿ ಇನ್ನೊಬ್ಬಳಿಲ್ಲ.

ಮೊದಲು ತುರಿಕೆ. ಉಗುರಿನ ಬುಡದಲ್ಲಿ
ಇರುವೆಯೊಂದು ದಾರಿ ತಪ್ಪಿ ಒಳಹೊಕ್ಕಂತೆ.
ಆಮೇಲೆ ಸಾಸಿವೆಯಂಥ ಗುಳ್ಳೆ. ಆಮೇಲೆ ಬಿರುಕು,
ನಿಂಬೆ ಹಿಂಡುವಾಗಷ್ಟೇ ನೆನಪಾಗುವಂಥದ್ದು.
ಒಂದು ಬೆಳಿಗ್ಗೆ ಬಲಗಣ್ಣಿನ ರೆಪ್ಪೆ
ಉಬ್ಬಿದ ಪೂರಿ.
ಕಣ್ಣಿಗೆ ನಾನೇನೂ ಹಚ್ಚಿರಲಿಲ್ಲ,
ನಿದ್ದೆಯಲ್ಲಿ ಉಜ್ಜಿಕೊಂಡಿದ್ದೆ, ಅಷ್ಟೆ.

ಗ್ಲೌಸು ಹಾಕಿದ್ದೆನಲ್ಲ, ಅಂದೆ.
ಮಾರಿಸೆಲ್ ನಕ್ಕಳು. ಜೆಲ್ಲಿಗೆ ಗ್ಲೌಸು ಅಂದರೆ
ಸೊಳ್ಳೆಗೆ ಮೀನಿನ ಬಲೆ ಕಟ್ಟಿದ ಹಾಗೆ.
ನೀಲಿ ದೀಪದಡಿ ಒಂದು ನಿಮಿಷ ಇಟ್ಟರೆ ಅದು ಕಲ್ಲು.
ಅದಕ್ಕೂ ಮೊದಲು ಜೇನು.
ಜಾರಿದ ಜೇನೆಲ್ಲ ಜಾರಿದ್ದು ನನ್ನ ಮೇಲೆ.

ಮೇಡಂಗೆ ಹೇಳಲಿಲ್ಲ.
ಬಾಗಿಲ ಬಳಿಯ ಹಾಜರಿ ಯಂತ್ರಕ್ಕೆ ಗೊತ್ತಾಯಿತು:
ಹೆಬ್ಬೆಟ್ಟು ಒತ್ತಿದರೆ ಕೆಂಪು, ತೋರುಬೆರಳಿಗೂ ಕೆಂಪು.
ಮೂರು ದಿನ ಲೆಕ್ಕದಲ್ಲಿ ನಾನು ಗೈರು,
ಸ್ಟೂಲಿನ ಮೇಲೆ ಹಾಜರು.

ಅಬ್ಬಿಯ ಹೆಬ್ಬೆಟ್ಟನ್ನೂ ಒಪ್ಪುತ್ತಿರಲಿಲ್ಲ
ಕುಂದಾಪುರದ ರೇಷನ್ ಅಂಗಡಿಯ ಯಂತ್ರ.
ಗೇರುಬೀಜದ ಕಾರ್ಖಾನೆ, ಇಪ್ಪತ್ತೆರಡು ವರ್ಷ,
ಸೊನೆ ಕುಡಿದು ಕಪ್ಪಾದ ಬೆರಳು.
ಅದನ್ನು ನೋಡಿಯೇ ಅಂದಿದ್ದೆ ನಾನು,
ಬಣ್ಣದ ಕೆಲಸ ಕಲಿಯುತ್ತೇನೆ,
ಏಸಿಯಲ್ಲಿ ಕೂತು ಮಾಡುವಂಥದ್ದು.

ಚರ್ಮದ ಡಾಕ್ಟರು ನನ್ನ ಬೆನ್ನ ಮೇಲೆ
ಚೆನ್ನೆಮಣೆ ಅಂಟಿಸಿದರು. ಒಂದೊಂದು ಗುಳಿಗೆ ಒಂದೊಂದು ಹನಿ.
ಎರಡು ದಿನ ನೀರು ತಾಗಿಸಬೇಡಿ, ಬೆವರಬೇಡಿ.
ಆಗಸ್ಟ್ ತಿಂಗಳು. ಬಹರೈನ್. ಬೆವರಬಾರದಂತೆ!
ನಾಲ್ಕು ಮಂಚದ ಕೋಣೆಯಲ್ಲಿ ಬೋರಲು ಮಲಗಿದೆ.
ಪಟ್ಟಿ ಕಿತ್ತ ಮೇಲೆ ಮಾರಿಸೆಲ್ ಫೋಟೋ ತೆಗೆದು ತೋರಿಸಿದಳು:
ಎರಡನೇ ಸಾಲು, ನಾಲ್ಕನೇ ಗುಳಿ.
ಉಳಿದದ್ದೆಲ್ಲ ಖಾಲಿ, ಅದೊಂದರಲ್ಲಿ ಕಾಯಿ.

ಉದ್ದನೆಯ ಹೆಸರು, ಚೀಟಿಯಲ್ಲಿ ಬರೆದುಕೊಟ್ಟರು.
ಪರ್ಸಿನಲ್ಲಿರಲಿ, ಹಲ್ಲಿಗೆ ಸಿಮೆಂಟು ತುಂಬಿಸುವಾಗಲೂ ತೋರಿಸಿ.
ಎಷ್ಟು ದಿನ ಡಾಕ್ಟ್ರೇ?
ಮೈ ಮರೆಯುವುದಿಲ್ಲ, ಅಂದರು.

ಅಬ್ಬಿಗೆ ಅಲರ್ಜಿ ಅಂದರೆ ತಿಳಿಯಲಿಲ್ಲ. ನಂಜು ಅಂದೆ.
ಬದನೆ ತಿಂದ್ಯಾ? ಒಣಮೀನಾ?
ಅಲ್ಲ ಅಬ್ಬಿ, ಸೊನೆ ತಾಗಿದ ಹಾಗೆ.
ಆಚೆ ಕಡೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ.
“ಕೈಗೆ ಎಣ್ಣಿ ಹಚ್ಕಣ್ದೇ ಕೂಕಂಡ್ಯಾ?”

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅನ್ನುತ್ತಾರೆ.
ನನ್ನ ಕಸುಬು ಉಗುರಲ್ಲೇ ಹೋಯಿತು.

ಈಗ ಬಾಟಲಿ ಮುಟ್ಟುವಂತಿಲ್ಲ. ಪಾದ ತೊಳೆಯುವ ಕೆಲಸ,
ಅರ್ಧ ಸಂಬಳ.
ನಿನ್ನೆ ಒಬ್ಬಳು ಮದುಮಗಳು ಟಬ್ಬಿಗೆ ಕಾಲಿಟ್ಟವಳೇ
“ಹಾರ್ರ್!” ಎಂದು ಎಳೆದುಕೊಂಡಳು.
ನನ್ನ ಬೆರಳು ಉಗುರುಬೆಚ್ಚಗೆ ಅಂದಿತ್ತು.
ತುದಿಯಲ್ಲಿ ಬಂದಿರುವುದು ಹೊಸ ತೊಗಲು, ದಪ್ಪ,
ಸುಳ್ಳು ಹೇಳುತ್ತದೆ.
ತೋಳು ಮಡಚಿ ಮೊಣಕೈ ಅದ್ದಿದೆ,
ಹಸುಗೂಸಿಗೆ ಮೀಯಿಸುವ ನೀರು ನೋಡುವಂತೆ.
ತಣ್ಣೀರು ಬೆರೆಸಿದೆ. ಇನ್ನೊಮ್ಮೆ ಅದ್ದಿದೆ.

ಅವಳು ಪಾದ ಇಳಿಬಿಟ್ಟು, ಹಾಗೇ ಮಾತಿಗೆಂಬಂತೆ
ಕೈ ಚಾಚಿದಳು. ಇಲ್ಲಿ ನೋಡು, ಒಂದು ವಾರದಿಂದ
ತುರಿಕೆ.
ಗುಲಾಬಿ ಉಗುರು, ಅದರ ಬುಡದಲ್ಲಿ
ಸಾಸಿವೆ.

ಮೇಡಂ ಕೌಂಟರಿನಲ್ಲಿ ದಿನಾರು ಎಣಿಸುತ್ತಿದ್ದಳು.
ಒದ್ದೆ ಮೊಣಕೈ ಒರೆಸಿಕೊಂಡು
ನಾನು ಪರ್ಸಿನಿಂದ ಚೀಟಿ ತೆಗೆದೆ.