ಜಮಾತಿನ ಕೀರ್ದಿ

ವಿಜಾಪುರದ ಜೋರಾಪುರ ಪೇಟೆಯಾಗ, ಮಣಿಯಾರ ಗಲ್ಲಿಯೊಳಗ
ಹನ್ನೊಂದು ವರ್ಷ ನಾನು ಕೀರ್ದಿ ಬರೆದೆ.
ಅವರ ಮಾತು ದಖನಿ, ನನ್ನ ಅಕ್ಷರ ಕನ್ನಡ,
ರೊಕ್ಕಕ್ಕ ಯಾವ ಭಾಷೆನೂ ಇರಲಿಲ್ಲ.
ಶುಕ್ರವಾರ ನಮಾಜು ಮುಗಿದ ಮ್ಯಾಲೆ
ತಗಡಿನ ಡಬ್ಬಿಯೊಳಗ ಠಣ್ ಅಂತಿತ್ತು, ಅಷ್ಟ.

ಅಂಗಡಿಗೆ ನಾಲ್ಕಾಣೆ.
ಗಲ್ಲಿ ಬಾಯಾಗಿನ ಕಂದೀಲಿಗೆ ಎಣ್ಣಿ, ಹರವಿಗೆ ನೀರು,
ಸತ್ತವರಿಗೆ ಹತ್ತು ವಾರ ಬಿಳಿ ಬಟ್ಟಿ.
ಅತ್ತರಿನ ಹನಿ ಮಾತ್ರ ಅತ್ತಾರ ಓಣಿಯವರದು,
ಅದಕ್ಕವರು ದುಡ್ಡು ಮುಟ್ಟತಿರಲಿಲ್ಲ,
ಅವರ ಹುಡುಗ್ಯಾರ ಮದವಿ ಬಳಿಗೆ
ನಮ್ಮವರು ಮುಟ್ಟದಂಗ.
(ನಮ್ಮವರು ಅಂದೆ. ಇರಲಿ ಬಿಡ್ರಿ.)

ಜ್ವರ ಬಂದವನ ಅಂಗಡಿ ಮುಚ್ಚತಿರಲಿಲ್ಲ:
ಎಡಗಡೆಯವ ಮುಂಜಾನೆ, ಬಲಗಡೆಯವ ಸಂಜಿಕೆ
ಅವನ ಬಳಿ ಮಾರಿ ಗಲ್ಲಾ ಮನಿಗೆ ಮುಟ್ಟಸತಿದ್ರು.
ನಡುವ ಒಡೆದ ಬಳಿ ಯಾರ ಲೆಕ್ಕಕ್ಕ ಅಂತ
ಮೂರು ತಾಸು ಜಗಳಾಡಿದ್ದೂ ಉಂಟು.

ಲಾಡ್ಲೇಸಾಬ ತೀರಿಕೊಂಡು ನಾಲ್ಕು ವರ್ಷ.
ಆದರೂ ವಾರಾ ವಾರಾ ನಾನು ಬರೀತಿದ್ದೆ,
"ಲಾಡ್ಲೇಸಾಬ ವಲ್ದ ಹುಸೇನಸಾಬ, ನಾಲ್ಕಾಣೆ ಜಮಾ."
ಗೋರಿಯೊಳಗಿಂದ ಇಷ್ಟು ನಿಯತ್ತಿಲೆ ರೊಕ್ಕ ಕಟ್ಟಿದವರು
ಊರಾಗ ಮತ್ತೊಬ್ಬರು ಇರಲಿಕ್ಕಿಲ್ಲ.
ಕಟ್ಟತಿದ್ದಾಕಿ ಖೈರೂನ್‌ಬಿ.
ಮಗನ ಕೈಯಾಗ ಕೊಟ್ಟು, ತಾನು ಹೊರಗ, ಕಟ್ಟಿ ತುದಿಗೆ.

ಒಂದು ಶುಕ್ರವಾರ ಮಗ ಬರಲಿಲ್ಲ. ಆಕಿನ ಬಂದಳು.
ಡಬ್ಬಿಗೆ ಹಾಕೂ ಮುಂದ ಕೈ ತಡೆದು,
"ಮಾಸ್ತರ, ಈ ವಾರದಿಂದ ನನ್ನ ಹೆಸರು ಬರೀರಿ."

ಜಮಖಾನದ ಮ್ಯಾಲಿನವರೆಲ್ಲ
ಬಾಯಾಗ ಇಲ್ಲದ ಅಡಕಿ ಅಗಿಯಾಕ ಹತ್ತಿದರು.
ಕಡೀಕ ಒಬ್ಬ ಅಂದ: "ಬರಿಗೈಯಾಕಿ ಬಳಿ ಮಾರೂದನ್ನ
ಕಂಡೂ ಕಾಣದಂಗ ಇದ್ದೀವಿ. ಅಷ್ಟು ಸಾಲದೇನು?"
ಖೈರೂನ್‌ಬಿ ದನಿ ಏರಿಸಲಿಲ್ಲ:
"ನನ್ನ ಕೈ ನೋಡಾಕ ಯಾರೂ ಬರಂಗಿಲ್ಲ, ಭಾಯಿ.
ತಮ್ಮ ಕೈ ಕೊಡಾಕ ಬರತಾರ."

ನಾನು ಟಾಕು ಅದ್ದಿ ಕೇಳಿದೆ,
ಕೇಳಬಾರದಿತ್ತು ಅಂತ ಈಗ ಅನಸತದ,
"ಏನಂತ ಬರೀಲಿ? ಖೈರೂನ್‌ಬಿ ಕೋಂ ಲಾಡ್ಲೇಸಾಬ?"
"ಅಂವ ನಾಲ್ಕು ವರ್ಷ ಕಟ್ಟ್ಯಾನ. ಸಾಕು, ಇನ್ನ ಮಲಗಲಿ.
ಬರೇ ಖೈರೂನ್‌ಬಿ. ಒಂಬತ್ತನೇ ಅಂಗಡಿ."

ಹೂಂ ಅಂತ ಯಾರೂ ಅನ್ನಲಿಲ್ಲ.
ಮುದುಕ ಚೌಧರಿ ಮೌಲಾಸಾಬ ಮಾತ್ರ
ಮಣಕಾಲು ಬ್ಯಾನಿ ಅಂತ ಗೊಣಗತ
ಗೇಣುದ್ದ ಅತ್ತಾಗ ಸರಿದ.
ಆಕಿ ಕೂಡಲಿಲ್ಲ, ಅವತ್ತು.
ಅಂಗಡ್ಯಾಗ ಗಿರಾಕಿ ಇದ್ದರು.

ಮುಂದಿನ ವಾರ ಮತ್ತದ ಒಡೆದ ಬಳಿ ತಕರಾರು,
ಎರಡು ಡಜನ್ ಅಂತ ಒಬ್ಬ, ಒಂದ ಅಂತ ಇನ್ನೊಬ್ಬ,
ಚಾ ಆರಿ ಕೆನಿಗಟ್ಟಿತು.
ಆ ಗೇಣು ಜಮಖಾನದಿಂದ ಒಂದು ದನಿ ಬಂತು:
"ಹತ್ತೊಂಬತ್ತು. ನಾನು ಎಣಿಸೀನಿ."